ಚಕ್ರ ನೆಲ ಮುಟ್ಟಿದರೆ ಲ್ಯಾಂಡಿಂಗ್ ಮುಗಿಯಲಿಲ್ಲ

ಸಂಪಾದಕರಿಗೆ,

ನಮಸ್ಕಾರ. ಎಲ್ಲಾದರೂ ಒಂದು ಸಣ್ಣ ವಿಮಾನ ಇಳಿಯುವಾಗ ಗಿರ್ರನೆ ತಿರುಗಿ, ರನ್‌ವೇ ಪಕ್ಕದ ಹುಲ್ಲಿಗೆ ನುಗ್ಗಿ, ರೆಕ್ಕೆ ಮುರಿದುಕೊಂಡು ನಿಂತರೆ ಸುದ್ದಿ ಬರುವ ರೀತಿ ಹೆಚ್ಚುಕಮ್ಮಿ ಒಂದೇ. ‘ತಾಂತ್ರಿಕ ದೋಷ, ವಿಮಾನ ಪತನ, ಪೈಲಟ್ ಪವಾಡದಂತೆ ಪಾರು.’ ಕನ್ನಡ ಪತ್ರಿಕೆಗಳಷ್ಟೇ ಹೀಗೆ ಬರೆಯುತ್ತವೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಅಮೆರಿಕದಲ್ಲೂ ಸ್ಥಳೀಯ ಟಿವಿಯವರು ಇದನ್ನೇ ಹೇಳುತ್ತಾರೆ. ಆದರೆ ನಾನು ದಿನಾ ಓದುವುದು ನಿಮ್ಮ ಪತ್ರಿಕೆ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನಮ್ಮ ಊರು ಚಿಕ್ಕಬಳ್ಳಾಪುರದ ಹತ್ತಿರ. ಈಗ ಇರುವುದು ಅರಿಜೋನಾದಲ್ಲಿ. ವಾರವಿಡೀ ಬೇರೆ ಕೆಲಸ, ಶನಿವಾರ ಭಾನುವಾರ ವಿಮಾನ ಹಾರಿಸುವುದನ್ನು ಕಲಿಸುತ್ತೇನೆ. ಅದರಲ್ಲೂ ಟೇಲ್‌ವೀಲ್ ವಿಮಾನ, ಅಂದರೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ ಇರುವಂಥದ್ದು. ನಿಂತಾಗ ಮೂಗು ಆಕಾಶ ನೋಡುತ್ತಿರುತ್ತದೆ. ಹಳೇ ಫೋಟೋಗಳಲ್ಲಿ ನೀವು ನೋಡಿರುವ ವಿಮಾನಗಳಲ್ಲಿ ಮುಕ್ಕಾಲುಪಾಲು ಇಂಥವೇ. ಈಗ ನೀವು ಕೂತು ಓಡಾಡುವ ಏರ್‌ಬಸ್, ಬೋಯಿಂಗ್, ಫ್ಲೈಯಿಂಗ್ ಸ್ಕೂಲಿನ ಸೆಸ್ನಾ 172, ಇವಕ್ಕೆಲ್ಲ ಮೂಗಿನ ಕೆಳಗೆ ಚಕ್ರ. ನಾವು ಅದನ್ನು ನೋಸ್‌ವೀಲ್ ಅನ್ನುತ್ತೇವೆ. ನೋಡುವವರಿಗೆ ಇದೇನು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಒಂದು ಚಕ್ರ ಹಿಂದಿನಿಂದ ಮುಂದಕ್ಕೆ ಬಂತು, ಅಷ್ಟೇ. ಆದರೆ ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಚಕ್ರದಿಂದಲೇ ಹುಟ್ಟುತ್ತದೆ.

ವಿಮಾನದ ಭಾರವೆಲ್ಲ ಒಂದು ಜಾಗದಲ್ಲಿ ಸೇರಿದೆ ಅಂದುಕೊಳ್ಳಿ. ನೋಸ್‌ವೀಲ್ ವಿಮಾನದಲ್ಲಿ ಆ ಜಾಗ ಎರಡು ದೊಡ್ಡ ಚಕ್ರಗಳಿಗಿಂತ ಸ್ವಲ್ಪ ಮುಂದೆ ಇರುತ್ತದೆ. ಟೇಲ್‌ವೀಲ್ ವಿಮಾನದಲ್ಲಿ ಸ್ವಲ್ಪ ಹಿಂದೆ. ಹಿಂದೆ ಇರಲೇಬೇಕು, ಇಲ್ಲದಿದ್ದರೆ ಅದು ಬಾಲದ ಮೇಲೆ ನಿಲ್ಲುವುದೇ ಇಲ್ಲ, ಮೂಗು ಊರಿ ಬಿದ್ದುಬಿಡುತ್ತದೆ. ಈಗ ವಿಮಾನ ಸ್ವಲ್ಪ ಓರೆಯಾಗಿ ನೆಲ ಮುಟ್ಟಿತು ಅನ್ನಿ. ಭಾರ ಮುಂದಿದ್ದರೆ ಅದು ತಾನು ಹೋಗುತ್ತಿದ್ದ ದಿಕ್ಕಿಗೇ ಎಳೆಯುತ್ತದೆ, ಚಕ್ರಗಳು ಹಿಂದಿನಿಂದ ಹಿಂಬಾಲಿಸುತ್ತವೆ, ವಿಮಾನ ತಾನಾಗೇ ನೇರ ಆಗುತ್ತದೆ. ಭಾರ ಹಿಂದಿದ್ದರೆ ಆಗುವುದು ಪೂರಾ ಉಲ್ಟಾ. ಚಕ್ರಗಳು ತಡೆಯುತ್ತವೆ, ಹಿಂದಿನ ಭಾರ ಮಾತ್ರ ನುಗ್ಗುತ್ತಲೇ ಇರುತ್ತದೆ, ಇದ್ದ ಓರೆ ಇನ್ನಷ್ಟು ಓರೆಯಾಗುತ್ತದೆ. ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ರಿವರ್ಸ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲಿಗೆ ಗೊತ್ತೇ ಆಗದಷ್ಟು ಸಣ್ಣ ಓರೆ, ಆಗಲೇ ಸರಿ ಮಾಡಿದರೆ ಸರಿ, ಒಂದು ಕ್ಷಣ ಬಿಟ್ಟರೆ ಆಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕೈಗೆ ಬರುವುದಿಲ್ಲ.

ಹೀಗೆ ಕೈಮೀರಿ ವಿಮಾನ ಗಿರ್ರನೆ ತಿರುಗುವುದನ್ನೇ ಪೈಲಟ್‌ಗಳು ಗ್ರೌಂಡ್ ಲೂಪ್ ಅನ್ನುವುದು. ಬಾಲ ಒಂದು ಕಡೆ ಬೀಸುತ್ತದೆ, ಹೊರಗಿನ ರೆಕ್ಕೆ ಕೆಳಗೆ ವಾಲಿ ನೆಲಕ್ಕೆ ತಗುಲುತ್ತದೆ, ಅಡ್ಡ ಬಿದ್ದ ಒತ್ತಡಕ್ಕೆ ಚಕ್ರದ ಕಾಲು ಮುರಿಯುತ್ತದೆ, ಪ್ರೊಪೆಲ್ಲರ್ ನೆಲ ಕೆರೆಯುತ್ತದೆ. ಎಲ್ಲ ಮುಗಿಯುವುದಕ್ಕೆ ಎರಡೋ ಮೂರೋ ಸೆಕೆಂಡು ಸಾಕು. ಇಂಜಿನ್ ಸರಿ ಇತ್ತು, ರಡ್ಡರ್ (ಕಾಲಿನ ಪೆಡಲ್‌ನಿಂದ ಆಡಿಸುವ, ಮೂಗನ್ನು ಎಡಬಲ ತಿರುಗಿಸುವ ಬಾಲದ ಪಟ್ಟಿ) ಸರಿ ಇತ್ತು, ಬ್ರೇಕ್ ಸರಿ ಇತ್ತು. ಹಾಗಾಗಿ ‘ತಾಂತ್ರಿಕ ದೋಷ’ ಅಂತ ಬರೆದಾಗ ನನಗೆ ಬೇಜಾರಾಗುತ್ತದೆ. ಬ್ರೇಕ್ ಒಂದು ಕಡೆ ಹಿಡಿದುಕೊಂಡು ಹೀಗಾಗುವುದೂ ಉಂಟು, ಬಾಲದ ಚಕ್ರದ ಸ್ಪ್ರಿಂಗ್ ಸವೆದು ಹೀಗಾಗುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿಯ ವರದಿಗಳನ್ನು ತೆಗೆದು ಓದಿ. ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ. ಇಳಿದ ಮೇಲೆ ಓಡುವಾಗ ಪೈಲಟ್ ವಿಮಾನದ ದಿಕ್ಕನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲ ಅಂತ.

ಪವಾಡದ ಮಾತೂ ಅಷ್ಟೇ. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಲ್ಯಾಂಡಿಂಗ್ ಹೊತ್ತಿನವೇ ಎಲ್ಲಕ್ಕಿಂತ ಜಾಸ್ತಿ, ಜೀವ ಹೋಗುವುದು ಅವುಗಳಲ್ಲೇ ತುಂಬಾ ಕಡಿಮೆ. ಕಾರಣ ವೇಗ. ಪೈಪರ್ ಕಬ್ ಅನ್ನುವ ಹಳೇ ಹಳದಿ ವಿಮಾನ ನೆಲ ಮುಟ್ಟುವುದು ಗಂಟೆಗೆ 60–65 ಕಿಲೋಮೀಟರ್ ವೇಗದಲ್ಲಿ. ಬೆಲ್ಟ್ ಸರಿಯಾಗಿ ಬಿಗಿದುಕೊಂಡಿದ್ದರೆ ಆ ವೇಗದಲ್ಲಿ ಜನ ಇಳಿದು ನಡೆದುಕೊಂಡು ಬರುವುದೇ ಸಹಜ. ಪವಾಡ ಅಂದುಬಿಟ್ಟರೆ ಯಾಕೆ ಆಯಿತು ಅಂತ ಕೇಳುವುದು ನಿಂತುಹೋಗುತ್ತದೆ. ನನಗೆ ಬೇಕಾಗಿರುವುದು ಆ ಪ್ರಶ್ನೆ.

ಯಾಕೆ ಆಗುತ್ತದೆ? ನಾನು ಕಲಿಸುವಾಗ ಕಂಡದ್ದನ್ನು ಹೇಳುತ್ತೇನೆ. ನನ್ನ ಹತ್ತಿರ ಬರುವವರು ಹೊಸಬರಲ್ಲ. ಲೈಸೆನ್ಸ್ ಇರುತ್ತದೆ, ಸೆಸ್ನಾದಲ್ಲಿ ನೂರಾರು ಗಂಟೆ ಹಾರಿಸಿರುತ್ತಾರೆ. ಅವರಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರೂ ಇದ್ದಾರೆ, ಐಟಿ ಕೆಲಸದವರು, ಏರ್‌ಲೈನ್ಸ್ ಸೇರಬೇಕೆಂದು ಬಂದವರು. ಇಳಿಸುವುದನ್ನು ಚೆನ್ನಾಗಿಯೇ ಇಳಿಸುತ್ತಾರೆ. ಚಕ್ರ ಮೆಲ್ಲಗೆ ನೆಲಕ್ಕೆ ತಾಗುತ್ತದೆ. ಆ ಕ್ಷಣದಲ್ಲಿ ಮೈ ಸಡಿಲ ಆಗುತ್ತದೆ. ಹೆಗಲು ಇಳಿಯುತ್ತದೆ, ಕಾಲು ಪೆಡಲ್ ಮೇಲೆ ಸುಮ್ನೆ ಕೂತುಬಿಡುತ್ತದೆ, ಒಂದು ಕೈ ಫ್ಲ್ಯಾಪ್ (ರೆಕ್ಕೆಯ ಹಿಂದಿನ ಪಟ್ಟಿ) ಆಡಿಸುವ ಹಿಡಿಯ ಕಡೆಗೋ ರೇಡಿಯೋ ಕಡೆಗೋ ಹೋಗುತ್ತದೆ. ಅವರ ಮನಸ್ಸಿನಲ್ಲಿ ಲ್ಯಾಂಡಿಂಗ್ ಮುಗಿದಿದೆ. ಟೇಲ್‌ವೀಲ್‌ನಲ್ಲಿ ಅದು ಆಗ ತಾನೇ ಶುರುವಾಗಿರುತ್ತದೆ. ಕನ್ನಡದವರಾದರೆ ನಾನು ಹಿಂದಿನ ಸೀಟಿನಿಂದ ‘ಕಾಲು, ಕಾಲು, ಕಾಲು’ ಅಂತ ಕೂಗುತ್ತಲೇ ಇರುತ್ತೇನೆ. ವಿಮಾನ ಪೂರ್ತಿ ನಿಲ್ಲುವವರೆಗೂ ಕೂಗುತ್ತೇನೆ.

ನೆಲ ಮುಟ್ಟಿದ ಮೇಲಿನ ಆ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ ಅನ್ನುವುದು ಬಹಳ ಮುಖ್ಯ. ಮೊದಲು ವೇಗ ಇರುತ್ತದೆ, ಬಾಲದ ಮೇಲೆ ಗಾಳಿ ಬೀಸುತ್ತಿರುತ್ತದೆ, ರಡ್ಡರ್ ಹೇಳಿದ ಮಾತು ಕೇಳುತ್ತದೆ. ವೇಗ ಇಳಿದ ಹಾಗೆ ರಡ್ಡರ್ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಇಂಜಿನ್ ಕಡಿಮೆ ಮಾಡಿರುವುದರಿಂದ ಪ್ರೊಪೆಲ್ಲರ್ ತಳ್ಳುವ ಗಾಳಿಯೂ ಇಲ್ಲ. ಕೊನೆಗೆ ದಿಕ್ಕು ಹಿಡಿಯುವುದು ಬಾಲದ ಚಕ್ರ ಮತ್ತು ಬ್ರೇಕು. ಆದರೆ ಬಾಲದ ಚಕ್ರ ಹಿಡಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಅದಕ್ಕೆ ಸ್ಟಿಕ್ಕನ್ನು, ಅಂದರೆ ಪೈಲಟ್ ಕೈಯಲ್ಲಿರುವ ಹಿಡಿಕೋಲನ್ನು, ಹೊಟ್ಟೆಗೆ ಒತ್ತುವ ಹಾಗೆ ಹಿಂದಕ್ಕೆ ಎಳೆದು ಹಿಡಿದಿರಬೇಕು. ಹೀಗೆ ರಡ್ಡರ್ ಕೈಬಿಡುತ್ತಾ ಇರುವ, ಚಕ್ರ ಇನ್ನೂ ಪೂರ್ತಿ ಹಿಡಿಯದ ಒಂದು ನಡುವಿನ ಹೊತ್ತು ಇದೆ. ಗ್ರೌಂಡ್ ಲೂಪ್ ಬಹುಪಾಲು ಅಲ್ಲೇ ಆಗುವುದು. ನೋಡಿದವರು ‘ಚೆನ್ನಾಗೇ ಇಳಿದಿತ್ತು, ಇದ್ದಕ್ಕಿದ್ದ ಹಾಗೆ ತಿರುಗಿಬಿಡ್ತು’ ಅಂತ ಹೇಳುವುದು ಇದರಿಂದಲೇ. ವರದಿಗಾರರು ಈ ಮಾತನ್ನು ಹಾಗೇ ಬರೆದುಕೊಂಡರೂ ಸಾಕು, ಏನಾಯಿತು ಅಂತ ಬಲ್ಲವರಿಗೆ ಗೊತ್ತಾಗುತ್ತದೆ.

ಇದರ ಜೊತೆ ಅಡ್ಡಗಾಳಿ ಸೇರಿದರೆ ಕಷ್ಟ ಇಮ್ಮಡಿ. ದೊಡ್ಡ ಚಕ್ರಗಳ ಹಿಂದೆ ಉದ್ದದ ಒಡಲು, ಅದರ ತುದಿಯಲ್ಲಿ ಎತ್ತರದ ಬಾಲ. ಬಲಗಡೆಯಿಂದ ಗಾಳಿ ಬೀಸಿದರೆ ಬಾಲವನ್ನು ಎಡಕ್ಕೆ ತಳ್ಳುತ್ತದೆ, ಮೂಗು ಗಾಳಿ ಬರುವ ಕಡೆಗೆ ತಿರುಗಲು ನೋಡುತ್ತದೆ. ಪೈಲಟ್ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಮೂಗು ತಿರುಗದ ಹಾಗೆ ಎದುರು ರಡ್ಡರ್ ಕೊಟ್ಟು, ಒಂದು ಚಕ್ರದ ಮೇಲೆ ಮೊದಲು ಇಳಿಸಬೇಕು. ಇಳಿದ ಮೇಲೂ ಸ್ಟಿಕ್ ಗಾಳಿಯ ಕಡೆಗೇ ವಾಲಿರಬೇಕು, ವೇಗ ಕಡಿಮೆಯಾದ ಹಾಗೆ ಇನ್ನೂ ಜಾಸ್ತಿ. ತುಂಬಾ ಜನ ಇದನ್ನು ಗಾಳಿಯಲ್ಲಿ ಇರುವಾಗ ಸರಿಯಾಗಿ ಮಾಡಿ ನೆಲ ಮುಟ್ಟಿದ ಕೂಡಲೇ ಸ್ಟಿಕ್ ಬಿಟ್ಟುಬಿಡುತ್ತಾರೆ. ಇಲ್ಲಿ ಅರಿಜೋನಾದಲ್ಲಿ ಬೇಸಿಗೆಯ ಮಧ್ಯಾಹ್ನ ನೆಲ ಕಾದು ಧೂಳಿನ ಸುಳಿ ಏಳುತ್ತದೆ. ಗಾಳಿಚೀಲ ರನ್‌ವೇಯ ಒಂದು ತುದಿಯಲ್ಲಿ ಪೂರ್ವ ತೋರಿಸಿದರೆ ಇನ್ನೊಂದು ತುದಿಯಲ್ಲಿ ಪಶ್ಚಿಮ ತೋರಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ನಾನು ಹೊಸಬರನ್ನು ಕರೆದುಕೊಂಡು ಹೋಗುವುದಿಲ್ಲ. ಆದರೆ ಬೆಳಗಿನ ಜಾವ ಗಾಳಿಯೇ ಇಲ್ಲದಾಗ ಮಾತ್ರ ಕಲಿಸಿ ಸಹಿ ಹಾಕಿ ಕಳಿಸುವವರನ್ನೂ ನಾನು ಒಪ್ಪುವುದಿಲ್ಲ. ಅವರ ಶಿಷ್ಯರು ಮೊದಲನೇ ಅಡ್ಡಗಾಳಿಯನ್ನು ಒಬ್ಬರೇ ಎದುರಿಸಬೇಕಾಗುತ್ತದೆ.

ಗಾಳಿಯ ಮಾತು ಬಂದಾಗ ಒಂದು ಹಳೇ ಸಂಗತಿ ಹೇಳಲೇಬೇಕು. ಮೊದಲು ಈ ವಿಮಾನಗಳನ್ನು ಮಾಡಿದ್ದು ಡಾಂಬರು ರನ್‌ವೇಗಾಗಿ ಅಲ್ಲ, ಹುಲ್ಲಿನ ಬಯಲಿಗೆ. ಬಯಲು ನಾಲ್ಕೂ ದಿಕ್ಕಿಗೆ ಅಗಲ ಇರುತ್ತಿತ್ತು. ಗಾಳಿ ಎಲ್ಲಿಂದ ಬರುತ್ತದೋ ಆ ಕಡೆಗೆ ಮುಖ ಮಾಡಿ ಇಳಿದರಾಯಿತು, ಅಡ್ಡಗಾಳಿ ಅನ್ನುವ ಸಮಸ್ಯೆಯೇ ಕಡಿಮೆ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಬೊಂಬಾಯಿಗೆ ಟಪಾಲು ತಂದದ್ದು ಪುಸ್ ಮಾತ್ ಅನ್ನುವ ಇಂಥದ್ದೇ ಸಣ್ಣ ವಿಮಾನದಲ್ಲಿ. ಅಲ್ಲಿಂದ ಇನ್ನೊಬ್ಬ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು, ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಅಂದರೆ ಟಾಟಾ ಅವರ ಮೊದಲ ವಿಮಾನ ಟಪಾಲು ಮಾರ್ಗದಲ್ಲಿ ಬಳ್ಳಾರಿಯ ನೆಲವೂ ಇದೆ. ಇನ್ನೊಂದು ವಿಷಯ, ಹುಲ್ಲಿನ ಮೇಲೆ ವಿಮಾನ ಸ್ವಲ್ಪ ಓರೆಯಾಗಿ ಇಳಿದರೂ ಟೈರು ಜಾರುತ್ತದೆ, ಕ್ಷಮಿಸುತ್ತದೆ. ಡಾಂಬರು ಹಾಗಲ್ಲ, ಟೈರನ್ನು ಗಪ್ಪನೆ ಹಿಡಿಯುತ್ತದೆ, ಆ ಹಿಡಿತವೇ ವಿಮಾನವನ್ನು ಓರೆಗೆ ಎಳೆಯುತ್ತದೆ. ಒಂದೇ ಪಟ್ಟಿಯ ಡಾಂಬರು ರನ್‌ವೇ ಬಂದ ಮೇಲೆ ಈ ವಿಮಾನಗಳು ತಮ್ಮದಲ್ಲದ ಜಾಗದಲ್ಲಿ ಇಳಿಯುವ ಹಾಗಾಯಿತು.

ಆಮೇಲೆ ವಿಮಾನ ಮಾಡುವವರು ಚಕ್ರವನ್ನೇ ಮೂಗಿಗೆ ತಂದರು. ಸೆಸ್ನಾ 170 ಟೇಲ್‌ವೀಲ್ ಆಗಿತ್ತು, ಅದನ್ನೇ ಬದಲಾಯಿಸಿ 1956ರಲ್ಲಿ 172 ಅಂತ ತಂದರು, ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಮಾಡಿರುವ ವಿಮಾನ ಅದೇ. ಇಳಿಸುವುದು ಸುಲಭ ಆಯಿತು, ಹೆಚ್ಚು ಜನ ಕಲಿತರು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ನಾನೂ ಮೊದಲು ಕಲಿತದ್ದು 172ರಲ್ಲೇ. ಆದರೆ ಆ ಸುಲಭದ ಜೊತೆಗೆ ಕಾಲುಗಳು ಕೆಲಸ ಮರೆತವು.

ನೆಗೆತದ ಬಗ್ಗೆಯೂ ಹೇಳಬೇಕು, ಯಾಕೆಂದರೆ ವಿಡಿಯೋಗಳಲ್ಲಿ ಜನ ನೋಡುವುದು ಜಾಸ್ತಿ ಅದನ್ನೇ. ವಿಮಾನ ಇಳಿಯುತ್ತದೆ, ಪುಟಿಯುತ್ತದೆ, ಮತ್ತೆ ಇಳಿಯುತ್ತದೆ, ಇನ್ನೂ ಎತ್ತರಕ್ಕೆ ಪುಟಿಯುತ್ತದೆ. ಸ್ಪ್ರಿಂಗ್ ಗಟ್ಟಿ ಇರಬೇಕು ಅಂತ ಅಂದುಕೊಳ್ಳುತ್ತಾರೆ. ಅದರ ಹಿಂದಿರುವುದೂ ಭಾರದ ಜಾಗವೇ. ಮುಂದಿನ ಎರಡು ಚಕ್ರ ಜೋರಾಗಿ ನೆಲಕ್ಕೆ ಬಡಿದಾಗ ಹಿಂದಿರುವ ಭಾರ ಬಾಲವನ್ನು ಕೆಳಗೆ ಒತ್ತುತ್ತದೆ, ಮೂಗು ಮೇಲೇಳುತ್ತದೆ, ರೆಕ್ಕೆಗೆ ಮತ್ತೆ ಎತ್ತುವ ಬಲ ಸಿಗುತ್ತದೆ, ವಿಮಾನ ಹಾರಿಬಿಡುತ್ತದೆ. ನೋಸ್‌ವೀಲ್‌ನಲ್ಲಿ ಇದೇ ಪೆಟ್ಟಿಗೆ ಮೂಗು ಕೆಳಗೆ ಬಂದು ವಿಮಾನ ನೆಲಕ್ಕೆ ಅಂಟಿಕೊಳ್ಳುತ್ತದೆ. ಪುಟಿದಾಗ ಪೈಲಟ್ ಗಾಬರಿಯಲ್ಲಿ ಸ್ಟಿಕ್ ಮುಂದಕ್ಕೆ ತಳ್ಳುತ್ತಾರೆ, ಅದು ಇನ್ನೂ ಜೋರಾಗಿ ಬಡಿಯುತ್ತದೆ. ಮೂರನೇ ಪುಟಿತದ ಹೊತ್ತಿಗೆ ವೇಗವೂ ಇರುವುದಿಲ್ಲ, ದಿಕ್ಕೂ ಇರುವುದಿಲ್ಲ. ಮೊದಲನೇ ದೊಡ್ಡ ಪುಟಿತಕ್ಕೇ ಪೂರ್ತಿ ಪವರ್ ಕೊಟ್ಟು ಮೇಲೆದ್ದು ಇನ್ನೊಂದು ಸುತ್ತು ಬಂದರೆ ಏನೂ ಆಗುವುದಿಲ್ಲ. ಇದಕ್ಕೇ ಗೋ-ಅರೌಂಡ್ ಅನ್ನುವುದು. ಅದನ್ನು ಮಾಡುವುದು ಅವಮಾನ ಅಂದುಕೊಂಡಿರುವ ಪೈಲಟ್‌ಗಳನ್ನು ನೋಡಿದರೆ ನನಗೆ ಭಯ ಆಗುತ್ತದೆ. ಪವರ್ ಕೊಡುವಾಗಲೂ ಕಾಲು ಸಿದ್ಧ ಇರಬೇಕು, ಯಾಕೆಂದರೆ ಅಮೆರಿಕದ ಇಂಜಿನ್‌ಗಳು ಪೂರ್ತಿ ಪವರ್‌ಗೆ ಮೂಗನ್ನು ಎಡಕ್ಕೆ ಎಳೆಯುತ್ತವೆ. ಅಮೆರಿಕದ ಹೆಸರಾಂತ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಅಂಥ ಅನುಭವಿಯೂ 1937ರ ಮಾರ್ಚ್ 20ರಂದು ಹೊನೊಲುಲುವಿನಲ್ಲಿ ಟೇಕಾಫ್ ಓಟದಲ್ಲಿ ದಿಕ್ಕು ತಪ್ಪಿ ತಮ್ಮ ಎಲೆಕ್ಟ್ರಾ ವಿಮಾನವನ್ನು ಗ್ರೌಂಡ್ ಲೂಪ್ ಮಾಡಿದರು. ಪ್ರಪಂಚ ಸುತ್ತುವ ಮೊದಲನೇ ಪ್ರಯತ್ನ ಅಲ್ಲಿಗೇ ನಿಂತಿತು. ವಿಮಾನವನ್ನು ಹಡಗಿನಲ್ಲಿ ಹೇರಿ ರಿಪೇರಿಗೆ ಕ್ಯಾಲಿಫೋರ್ನಿಯಾಕ್ಕೆ ಕಳಿಸಬೇಕಾಯಿತು.

ಇನ್ನು ಬ್ರೇಕು. ಹೊಸಬರು ದಿಕ್ಕು ತಪ್ಪಿದ ಕೂಡಲೇ ಎರಡೂ ಬ್ರೇಕ್ ಒತ್ತಿಬಿಡುತ್ತಾರೆ. ಭಾರ ಹಿಂದೆ, ಎತ್ತರದಲ್ಲಿ ಇದೆ, ಚಕ್ರ ನಿಂತಿತು, ವಿಮಾನ ಮೂಗಿನ ಮೇಲೆ ನಿಲ್ಲುತ್ತದೆ, ಕೆಲವು ಸಲ ಪೂರ್ತಿ ಮಗುಚುತ್ತದೆ. ಸೆಸ್ನಾ 140ರಲ್ಲಿ ಇದು ಎಷ್ಟು ಆಗುತ್ತಿತ್ತೆಂದರೆ ಚಕ್ರಗಳನ್ನು ಸ್ವಲ್ಪ ಮುಂದಕ್ಕೆ ತರುವ ಲೋಹದ ತುಂಡುಗಳನ್ನೇ ತುಂಬಾ ವಿಮಾನಗಳಿಗೆ ಹಾಕಿದರು. ಮೂಗು ಬೀಳುವುದು ಕಡಿಮೆಯಾಯಿತು, ಆದರೆ ಚಕ್ರ ಮುಂದೆ ಹೋದಷ್ಟೂ ಭಾರ ಇನ್ನೂ ಹಿಂದಾಯಿತು ನೋಡಿ.

ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ. ಟೇಲ್‌ವೀಲ್ ವಿಮಾನವನ್ನು ಸ್ವಂತ ಜವಾಬ್ದಾರಿಯಲ್ಲಿ ಹಾರಿಸಬೇಕಾದರೆ ಇನ್‌ಸ್ಟ್ರಕ್ಟರ್ ಕಲಿಸಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ಸಾಮಾನ್ಯ ಗಾಳಿಯಲ್ಲೂ ಅಡ್ಡಗಾಳಿಯಲ್ಲೂ ಏರಿ ಇಳಿಯುವುದು, ಮೂರೂ ಚಕ್ರ ಒಟ್ಟಿಗೆ ಊರದೆ ಮುಂದಿನ ಎರಡರ ಮೇಲೆ ಇಳಿಯುವುದು, ಗೋ-ಅರೌಂಡ್, ಇಷ್ಟೂ ಬರಬೇಕು. 1991ರ ಏಪ್ರಿಲ್ 15ಕ್ಕೆ ಮುಂಚೆಯೇ ಇಂಥ ವಿಮಾನವನ್ನು ಹಾರಿಸಿದ್ದವರಿಗೆ ಮಾತ್ರ ವಿನಾಯಿತಿ. ಇಷ್ಟೇ ಗಂಟೆ ಕಲಿಯಬೇಕು ಅಂತ ಕಾನೂನು ಹೇಳುವುದಿಲ್ಲ, ಅದನ್ನು ಇನ್‌ಸ್ಟ್ರಕ್ಟರ್ ಮನಸ್ಸಾಕ್ಷಿಗೆ ಬಿಟ್ಟಿದೆ. ಈ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಾಲು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು. ಹಗಲು ಹೊತ್ತು ನೋಸ್‌ವೀಲ್ ಆದರೆ ನೆಲ ಮುಟ್ಟಿ ಹಾಗೇ ಮತ್ತೆ ಏರಿದರೂ ಲೆಕ್ಕಕ್ಕೆ ಬರುತ್ತದೆ. ಟೇಲ್‌ವೀಲ್ ಆದರೆ ಬರುವುದಿಲ್ಲ, ಪ್ರತಿ ಸಲವೂ ವಿಮಾನ ಪೂರ್ತಿ ನಿಲ್ಲಬೇಕು. ಆ ಸಾಲನ್ನು ಬರೆದವರಿಗೆ ಅಪಾಯ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಒಂದು ಗ್ರೌಂಡ್ ಲೂಪ್‌ನಿಂದ ಆಗುವ ನಷ್ಟ ಹೊರಗಿನವರಿಗೆ ಕಾಣುವುದಿಲ್ಲ. ರೆಕ್ಕೆಯ ತುದಿ ಸ್ವಲ್ಪ ಉಜ್ಜಿದೆ, ಬಟ್ಟೆ ಹರಿದಿದೆ ಅಷ್ಟೇ ಅನ್ನಿಸುತ್ತದೆ. ಈ ಹಳೇ ವಿಮಾನಗಳಲ್ಲಿ ಎಷ್ಟೋ ರೆಕ್ಕೆಗಳ ಒಳಗೆ ಉದ್ದಕ್ಕೆ ಮರದ ತೊಲೆ ಇರುತ್ತದೆ. ತುದಿಗೆ ಬಿದ್ದ ಪೆಟ್ಟು ಒಳಗೆಲ್ಲೋ ಸಣ್ಣ ಸೀಳು ಬಿಡಬಹುದು, ಮೇಲಿನ ಬಟ್ಟೆಯ ಹೊದಿಕೆಯಲ್ಲಿ ಅದು ಕಾಣುವುದಿಲ್ಲ. ನಾನು ಕಲಿಸುವ ಸಿಟಾಬ್ರಿಯಾ ಜಾತಿಯ ಮರದ ರೆಕ್ಕೆಯ ವಿಮಾನಗಳಿಗೆ ಈ ತೊಲೆಯನ್ನು ತಪ್ಪದೆ ಪರೀಕ್ಷಿಸಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಆದೇಶವೇ ಇದೆ. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಇಂಜಿನ್ ಬಿಚ್ಚಿ ನೋಡಬೇಕು. ವಿಮಾನ ಹಳೆಯದಾದರೆ ರಿಪೇರಿ ಖರ್ಚು ವಿಮಾನದ ಬೆಲೆಯನ್ನೇ ದಾಟಿಬಿಡುತ್ತದೆ, ಆಗ ಅದು ಹ್ಯಾಂಗರಿನ ಮೂಲೆ ಸೇರುತ್ತದೆ. 1940ರ ದಶಕದ ವಿಮಾನ ಒಂದು ಹೋದರೆ ಇನ್ನೊಂದು ಬರುವುದಿಲ್ಲ.

ಇಷ್ಟು ಕಷ್ಟ ಇದ್ದರೆ ಯಾಕೆ ಬೇಕು ಅಂತ ನನ್ನ ತಂಗಿ ಪ್ರತಿ ಸಲ ಕೇಳುತ್ತಾಳೆ, ಓದುಗರೂ ಕೇಳಬಹುದು. ಅಲಾಸ್ಕದಲ್ಲಿ ರಸ್ತೆ ಇಲ್ಲದ ಊರುಗಳಿವೆ, ಅಲ್ಲಿ ನದಿ ದಂಡೆಯ ಕಲ್ಲುಗಳ ಮೇಲೆ ಇಳಿಯುವ ಸೂಪರ್ ಕಬ್ ಟೇಲ್‌ವೀಲ್. ಅಂಥ ನೆಲದಲ್ಲಿ ಮೂಗಿನ ಚಕ್ರ ಮುರಿಯುತ್ತದೆ, ಪ್ರೊಪೆಲ್ಲರ್ ಕಲ್ಲಿಗೆ ತಾಗುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ಏರ್ ಟ್ರ್ಯಾಕ್ಟರ್ ವಿಮಾನಗಳನ್ನು ಇವತ್ತಿಗೂ ಟೇಲ್‌ವೀಲ್ ಆಗಿಯೇ ಮಾಡುತ್ತಾರೆ. ನಮ್ಮ ವಾಯುಪಡೆಗೆ 2018ರಲ್ಲಿ ಸೇರಿದ ಹಳೇ ಡಕೋಟಾ ‘ಪರಶುರಾಮ’ನೂ ಟೇಲ್‌ವೀಲೇ. ಕಲ್ಪನಾ ಚಾವ್ಲಾ ಅವರ ಬಗ್ಗೆ ನಾಸಾ ಬರೆದ ಪರಿಚಯದಲ್ಲಿ ಒಂದು ಮಾತಿದೆ, ಅವರಿಗೆ ಕಸರತ್ತಿನ ಹಾರಾಟ ಮತ್ತು ಟೇಲ್‌ವೀಲ್ ವಿಮಾನ ಹಾರಿಸುವುದು ಇಷ್ಟ ಅಂತ. ಬಾಹ್ಯಾಕಾಶಕ್ಕೆ ಹೋದವರಿಗೂ ಈ ಪುಟ್ಟ ವಿಮಾನದ ಮೇಲೆ ಪ್ರೀತಿ ಇತ್ತು. ಅದಲ್ಲದೆ ಟೇಲ್‌ವೀಲ್ ಕಲಿತವರು ನೋಸ್‌ವೀಲ್‌ಗೆ ಹೋದಾಗ ಇಳಿಸುವ ರೀತಿಯೇ ಬೇರೆ ಆಗುತ್ತದೆ, ನೇರ ಇಳಿಸುತ್ತಾರೆ, ನಡುಗೆರೆಯ ಮೇಲೆ ಇಳಿಸುತ್ತಾರೆ, ನಿಲ್ಲುವವರೆಗೆ ಎಚ್ಚರ ಇರುತ್ತಾರೆ. ಇದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಟೇಲ್‌ವೀಲ್ ಅನ್ನುವುದು ನಮಗೆ ಪರದೇಶದ ವಿದ್ಯೆ ಅಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ಸ್ವತಂತ್ರ ಭಾರತದಲ್ಲಿ ನಾವೇ ರೂಪಿಸಿ ಹಾರಿಸಿದ ವಿಮಾನ ಅದು, ಅದು ಟೇಲ್‌ವೀಲ್. ವಾಯುಪಡೆಯ ಎಷ್ಟೋ ತಂಡದ ಹುಡುಗರು ಮೊದಲು ಹಾರಿದ್ದು ಅದರಲ್ಲಿ. 1958ರಲ್ಲಿ ಪುಷ್ಪಕ್ ಬಂತು. ಪಕ್ಕಪಕ್ಕ ಎರಡು ಸೀಟು, ತಲೆಯ ಮೇಲೆ ರೆಕ್ಕೆ, ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಇಂಜಿನ್, ಬಾಲದಲ್ಲಿ ಚಕ್ರ. ಎಚ್‌ಎಎಲ್ 150ಕ್ಕೂ ಹೆಚ್ಚು ಪುಷ್ಪಕ್ ಮಾಡಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ಅವು ಹೋದವು, ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ ಹಾರಿದವು. ಆ ಕಾಲದಲ್ಲಿ ಪೈಲಟ್ ಆದವರಿಗೆ ಟೇಲ್‌ವೀಲ್ ಅಂತ ಬೇರೆ ತರಬೇತಿಯೇ ಬೇಕಿರಲಿಲ್ಲ, ಯಾಕೆಂದರೆ ಕಲಿಯುವುದೇ ಅದರಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ ಬೇರೆ. ಗಾಳಿ ತೆಳು, ವಿಮಾನದ ವೇಗದ ಮೀಟರ್ ತೋರಿಸುವುದಕ್ಕಿಂತ ನೆಲದ ವೇಗ ಸ್ವಲ್ಪ ಜಾಸ್ತಿಯೇ ಇರುತ್ತದೆ, ಮೇಲೆ ಮಳೆಗಾಲದ ಪಡುವಣ ಗಾಳಿ. ಅಲ್ಲಿ ಪುಷ್ಪಕ್ ಇಳಿಸಲು ಕಲಿತವರ ಕಾಲುಗಳಿಗೆ ಏನು ಗೊತ್ತಿತ್ತೋ ಅದನ್ನು ಯಾವ ಪುಸ್ತಕವೂ ಪೂರ್ತಿ ಹೇಳಲಾರದು.

ಇವತ್ತು ನಮ್ಮ ಫ್ಲೈಯಿಂಗ್ ಸ್ಕೂಲುಗಳಲ್ಲಿ ಸೆಸ್ನಾ, ಡೈಮಂಡ್, ಪೈಪರ್, ಟೆಕ್ನಾಮ್, ಬಹುತೇಕ ಎಲ್ಲ ನೋಸ್‌ವೀಲ್. ನಮ್ಮವರೇ ಮಾಡಿದ ಹಂಸ ವಿಮಾನವೂ ನೋಸ್‌ವೀಲ್. ಅದು ಸರಿಯಾದ ಆಯ್ಕೆಯೇ, ಏರ್‌ಲೈನ್ಸ್‌ಗೆ ಹೋಗುವವರಿಗೆ ಅದೇ ಬೇಕು. ನನ್ನ ಚಿಂತೆ ಬೇರೆ. ಈಗ ಇಪ್ಪತ್ತು ಇಪ್ಪತ್ತೈದರ ನಮ್ಮ ಹುಡುಗರು ಲೈಸೆನ್ಸ್ ಮಾಡಿಕೊಂಡು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ಬರುತ್ತಾರೆ. ಇಲ್ಲಿ ಟೇಲ್‌ವೀಲ್ ಸುಲಭವಾಗಿ ಸಿಗುತ್ತದೆ. ನೋಡಲು ಚಂದ, ವಿಡಿಯೋ ಚೆನ್ನಾಗಿ ಬರುತ್ತದೆ. ‘ಸರ್, ಒಂದೇ ದಿನದಲ್ಲಿ ಸಹಿ ಹಾಕಿಕೊಡ್ತೀರಾ’ ಅಂತ ಕೇಳುತ್ತಾರೆ. ನಾನು ಹಾಕುವುದಿಲ್ಲ. ಹಾಕುವವರು ಸಿಗುತ್ತಾರೆ. ಮಕ್ಕಳನ್ನು ಹೊರದೇಶಕ್ಕೆ ಪೈಲಟ್ ತರಬೇತಿಗೆ ಕಳಿಸುವ ಅಪ್ಪ ಅಮ್ಮಂದಿರು ನಿಮ್ಮ ಪತ್ರಿಕೆ ಓದುತ್ತಾರೆ, ಅವರಿಗೆ ಒಂದು ಮಾತು. ನಿಮ್ಮ ಮಗ ಅಥವಾ ಮಗಳು ಇಂಥ ವಿಮಾನ ಹಾರಿಸುತ್ತೇನೆ ಅಂದರೆ ಹೆದರಿ ಬೇಡ ಅನ್ನಬೇಡಿ. ಯಾರ ಹತ್ತಿರ ಕಲಿಯುತ್ತಿದ್ದೀಯ, ಅಡ್ಡಗಾಳಿಯಲ್ಲಿ ಎಷ್ಟು ಸಲ ಇಳಿಸಿದ್ದೀಯ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಇದ್ದಾಗ ಪುಟಿತ ಆಗಿತ್ತಾ, ಆಗ ಏನು ಮಾಡಿದೆ ಅಂತ ಕೇಳಿ. ಉತ್ತರ ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಸ್ನೇಹಿತರ ಜೊತೆ ಪ್ರಯಾಣಿಕರಾಗಿ ಕೂತವರೂ ಚಕ್ರ ನೆಲ ಮುಟ್ಟಿದ ಕೂಡಲೇ ಮಾತು ಶುರು ಮಾಡಬೇಡಿ, ಚಪ್ಪಾಳೆ ಹೊಡೆಯಬೇಡಿ. ವಿಮಾನ ನಿಧಾನವಾಗಿ ರನ್‌ವೇ ಬಿಟ್ಟು ಹೊರಗೆ ಬರಲಿ.

ಸಂಪಾದಕರೇ, ನಿಮ್ಮಲ್ಲಿ ನನ್ನದು ಎರಡು ಕೋರಿಕೆ. ಸಣ್ಣ ವಿಮಾನದ ಸುದ್ದಿ ಬಂದಾಗ ನಿಮ್ಮ ವರದಿಗಾರರು ಒಂದೆರಡು ವಿಷಯ ಕೇಳಿ ಬರೆಯಲಿ. ಚಕ್ರ ನೆಲ ಮುಟ್ಟುವ ಮೊದಲು ಆಯಿತಾ, ಮುಟ್ಟಿದ ಮೇಲೆ ಆಯಿತಾ. ಗಾಳಿ ಯಾವ ಕಡೆಯಿಂದ ಇತ್ತು. ವಿಮಾನಕ್ಕೆ ಚಕ್ರ ಮೂಗಿನಲ್ಲಿತ್ತಾ ಬಾಲದಲ್ಲಿತ್ತಾ. ಕಾರಣ ಗೊತ್ತಿಲ್ಲದಿದ್ದರೆ ತನಿಖೆ ನಡೆಯುತ್ತಿದೆ ಅಂತ ಬರೆದರೆ ಸಾಕು, ತಾಂತ್ರಿಕ ದೋಷ ಅಂತ ಬರೆಯಬೇಕಾಗಿಲ್ಲ. ಹಾಗೆ ಬರೆದರೆ ವಿಮಾನವನ್ನು ರಾತ್ರಿ ಹಗಲು ನೋಡಿಕೊಳ್ಳುವ ಮೆಕ್ಯಾನಿಕ್ ಮೇಲೆ ಸುಮ್ಮಸುಮ್ಮನೆ ಅನುಮಾನ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪುಷ್ಪಕ್ ಮತ್ತು ಎಚ್‌ಟಿ-2 ಹಾರಿಸಿದವರು, ಕಲಿಸಿದವರು, ಪುಷ್ಪಕ್‌ನ ಬಟ್ಟೆ ಹೊಲಿದು ಬಣ್ಣ ಬಳಿದವರು, ಬಾಲದ ಚಕ್ರ ಬಿಚ್ಚಿ ಗ್ರೀಸ್ ಹಾಕಿದವರು ಬೆಂಗಳೂರು ಮೈಸೂರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿರುತ್ತದೆ. ಜಕ್ಕೂರಿನಲ್ಲಿ ಗಾಳಿ ಹೇಗೆ ತಿರುಗುತ್ತಿತ್ತು, ಯಾವ ತಿಂಗಳಲ್ಲಿ ಯಾವ ಹೊತ್ತು ಕಷ್ಟ, ಪುಷ್ಪಕ್ ಪುಟಿದರೆ ಏನು ಮಾಡುತ್ತಿದ್ದರು, ಹೊಸ ಹುಡುಗರಿಗೆ ಕಾಲಿನ ಕೆಲಸವನ್ನು ಹೇಗೆ ಹೇಳಿಕೊಡುತ್ತಿದ್ದರು, ಇದೆಲ್ಲ ಅವರ ತಲೆಯಲ್ಲಿದೆ, ಕನ್ನಡದಲ್ಲಿ ಎಲ್ಲೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ನಿಮ್ಮ ಭಾನುವಾರದ ಪುರವಣಿಯಲ್ಲಿ ಅವರಿಗೆ ಸ್ವಲ್ಪ ಜಾಗ ಕೊಡಿ. ಒಬ್ಬ ವರದಿಗಾರರನ್ನು ಜಕ್ಕೂರಿಗೆ ಕಳಿಸಿ, ಹಳಬರ ವಿಳಾಸ ಅಲ್ಲಿಯವರಿಗೆ ಗೊತ್ತಿರುತ್ತದೆ. ಈ ಪತ್ರ ಓದುತ್ತಿರುವ ಹಳೇ ಪುಷ್ಪಕ್ ಇನ್‌ಸ್ಟ್ರಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ, ಬರೆಯಲು ಆಗದಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ. ನೀವು ಹೇಳಿದ್ದನ್ನು ನಾನು ಇಲ್ಲಿನ ನಮ್ಮ ಹುಡುಗರಿಗೆ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್
ಅರಿಜೋನಾ, ಅಮೆರಿಕ